ಹನ್ನೊಂದನೇ ಮಹಡಿಯ ಎಣಿಕೆ

ಐಲೆಂಡ್ ಬೇ, ವೆಲಿಂಗ್ಟನ್
ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ನೋಯೆಲಿನ್,

ನಿನ್ನ ಕಾಗದ ಬಂದು ಇವತ್ತಿಗೆ ಏಳು ವಾರ. ಬಂದ ದಿನವೇ ಉತ್ತರಿಸಲು ಕುಳಿತಿದ್ದೆ. "ನೀನೂ ನಿನ್ನ ಅಕ್ಕ ವಾಲ್ಮೈಯೂ ಕ್ಷೇಮವೆಂದು ನಂಬಿದ್ದೇನೆ" ಎಂದು ಒಂದು ಸಾಲು ಬರೆದು, ಚಹಾ ಮಾಡಿಕೊಳ್ಳೋಣವೆಂದು ಎದ್ದೆ. ಮತ್ತೆ ಆ ಮೇಜಿಗೆ ಹೋಗಲಿಲ್ಲ. ಆಮೇಲೆ ಮೂರು ಸಲ ಹೀಗೇ ಆಯಿತು. ಕೆಲಸ ಹೆಚ್ಚಿತ್ತು, ಕತ್ತು ನೋಯುತ್ತಿತ್ತು ಎಂದೆಲ್ಲ ಬರೆಯಬಹುದು. ಕತ್ತು ನೋಯುತ್ತಿದ್ದದ್ದು ನಿಜವೇ. ಆದರೆ ನೀನು ಮೂವತ್ತೊಂದು ವರ್ಷ ಬಾಡಿಗೆದಾರರ ನೆಪಗಳನ್ನು ಓದಿದವಳು, ನನ್ನದನ್ನು ಮೊದಲ ಸಾಲಿನಲ್ಲೇ ಹಿಡಿಯುತ್ತೀಯೆ. ನೆಪ ಬೇಡ. ತಡಮಾಡಿದ್ದಕ್ಕೆ ಕ್ಷಮಿಸು.

ಇಲ್ಲಿ ಕೋವೈ ಮರಗಳು ಹಳದಿಯಾಗಿವೆ. ನಮ್ಮ ಬೀದಿಯ ಮರದಲ್ಲಿ ಟೂಯಿ ಹಕ್ಕಿಯೊಂದು ಜೇನು ಕುಡಿದು ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಗಾಳಿಯಂತೂ ನೀನು ಬಿಟ್ಟುಹೋದ ಹಾಗೆಯೇ ಇದೆ. ಓಮರುವಿನಲ್ಲಿ ಗಾಳಿ ಕಡಿಮೆ, ಅದಕ್ಕೇ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಒಬ್ಬಳೇ ನಕ್ಕೆ.

ನಿನ್ನ ನೀಲಿ ಕಾಗದ ನನ್ನ ಮುಂದೆಯೇ ಇದೆ. ಅದರಲ್ಲಿ ನೀನು ಎರಡು ಸಂಗತಿ ಕೇಳಿದ್ದೀಯೆ. ಒಂದು, ಕಂಪ್ಯೂಟರ್ ನೋಡಲು ಮಾಡಿಸಿದ್ದ ಹಸಿರು ಕನ್ನಡಕ ಆಫೀಸಿನಲ್ಲೇ ಉಳಿದುಹೋಗಿದೆ, ಸಿಕ್ಕರೆ ಕಳಿಸು ಎಂದು. ಇನ್ನೊಂದನ್ನು ನಿನ್ನ ಮಾತಿನಲ್ಲೇ ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾನು ಅದನ್ನು ಮೆತ್ತಗೆ ಮಾಡಿಬಿಡುತ್ತೇನೆ. "ವಾಲ್ಮೈಗೆ ಪರಿಚಯದ ವಕೀಲರೊಬ್ಬರು ಹೇಳಿದರು, ಕೆಲಸದಿಂದ ತೆಗೆದದ್ದು ನ್ಯಾಯವಲ್ಲ ಅನ್ನಿಸಿದರೆ ತೊಂಬತ್ತು ದಿನದೊಳಗೆ ದೂರು ಎತ್ತಬೇಕಂತೆ. ಸೆಪ್ಟೆಂಬರ್ ಇಪ್ಪತ್ತೈದು ಕೊನೆಯ ದಿನ. ಸುಮ್ಮಸುಮ್ಮನೆ ಜಗಳಕ್ಕೆ ಹೋಗುವವಳಲ್ಲ ನಾನು, ನಿನಗೆ ಗೊತ್ತು. ಎಣಿಕೆ ಸರಿಯಿದ್ದರೆ ಸುಮ್ಮನಾಗುತ್ತೇನೆ. ನಲವತ್ತು ಸುತ್ತಿನಲ್ಲಿ ನಾಲ್ಕೇ ಸಲ ನನ್ನ ಮೇಜಿನಲ್ಲಿ ನಾನಿದ್ದೆ ಎಂದು ಬರೆದಿದ್ದಾರೆ. ಎಣಿಸಿದವಳು ನೀನು. ಮೆರಿನ್, ನಾನು ನಿಜವಾಗಿಯೂ ಅಲ್ಲಿರಲಿಲ್ಲವೇ?"

ಅದಕ್ಕೆ ಬರುತ್ತೇನೆ. ಮೊದಲು ಸುಲಭದ್ದನ್ನು ಹೇಳುತ್ತೇನೆ.

ಕನ್ನಡಕ ಸಿಕ್ಕಿದೆ. ಮುಂಬಾಗಿಲ ಸೆಫೀನಾ ಅದನ್ನು ಕಳೆದುಹೋದ ವಸ್ತುಗಳ ಡ್ರಾಯರಿನಲ್ಲಿ, ಒಂಟಿ ಕೈಗವಸುಗಳ ಜೊತೆ ಇಟ್ಟಿದ್ದಳು. ಕೇಳಿದೊಡನೆ ತೆಗೆದು ತನ್ನ ಮೂಗಿಗೇ ಏರಿಸಿಕೊಂಡಳು.

"ನೋಯೆಲಿನ್ ಆಂಟಿ ಇದನ್ನ ಹಾಕ್ಕೊಂಡ್ರೆ ಹೇಗ್ ಕಾಣ್ತಿದ್ರು ಹೇಳು?"

"ಕಪ್ಪೆ ಥರ ಅಂತ ಅವಳೇ ಹೇಳ್ತಿದ್ಲು."

"ನಾನು?"

"ನೀನು ಕಪ್ಪೆಗಳ ರಾಣಿ ಥರ."

"ಹಾಗಾದ್ರೆ ಸರಿ," ಎಂದು ಕನ್ನಡಕವನ್ನು ತನ್ನ ತೋಳಿನಿಂದಲೇ ಒರೆಸಿ ಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಆಂಟಿ ಚೆನ್ನಾಗಿದಾರಾ? ನೀನು ಮಾತಾಡ್ತಾ ಇದೀಯ ತಾನೆ?" ಅಂದಳು. ಹೌದು ಅಂದೆ. "ನಮ್ಮ ಸಮೋವಾದಲ್ಲಿ ಹಿರಿಯರು ಹೀಗೆ ಹೋದ್ರೆ ಯಾರಾದ್ರೂ ಹಿಂದೆ ಹೋಗಿ ಊಟ ಮಾಡಿದ್ರಾ ಅಂತ ನೋಡ್ಕೊಂಡ್ ಬರ್ತಾರೆ. ಇಲ್ಲಿ ಕಾರ್ಡಿಗೆ ಸಹಿ ಮಾಡ್ತೀರಿ," ಎಂದಳು. ಅವಳು ಗದರಿಸಲಿಲ್ಲ. ಫೋನ್ ಬಂತು, ಎತ್ತಿಕೊಂಡಳು.

ಆಫೀಸು ನಿನಗೆ ಗುರುತೇ ಸಿಗುವುದಿಲ್ಲ. ಹತ್ತನೇ ಮಹಡಿಯನ್ನು ಬಿಟ್ಟುಕೊಟ್ಟಾಗಿದೆ. ಉಳಿದಿರುವ ಹನ್ನೊಂದರಲ್ಲಿ ಈಗ ಯಾರಿಗೂ ತಮ್ಮದೆಂಬ ಮೇಜಿಲ್ಲ. ಬೆಳಗ್ಗೆ ಬಂದು ಬೀಗದ ಪೆಟ್ಟಿಗೆಯಿಂದ ಸಾಮಾನು ತೆಗೆದು, ಸಿಕ್ಕ ಕಡೆ ಕುಳಿತು, ಸಂಜೆ ಎಲ್ಲ ಒಳಗಿಟ್ಟು ಹೋಗಬೇಕು. ಸೋಮವಾರ, ಶುಕ್ರವಾರಗಳಂದು ಬರುವವರೇ ಕಡಿಮೆ. ನಿನ್ನ ಕಿಟಕಿಯ ಮೂಲೆಯಲ್ಲಿ ಈಗ ಎರಡು ಬಣ್ಣದ ಸೋಫಾ ಹಾಕಿದ್ದಾರೆ. ಅಲ್ಲಿ ಒಟ್ಟಿಗೆ ಕೂತು ಯೋಚಿಸಬೇಕಂತೆ. ಯಾರೂ ಕೂತದ್ದನ್ನು ನಾನು ನೋಡಿಲ್ಲ.

ದೀಪಗಳ ವಿಷಯ ಹೇಳಿದರೆ ನಗುತ್ತೀಯೆ. ಜನ ಅಲ್ಲಾಡಿದರೆ ಮಾತ್ರ ಉರಿಯುವ ದೀಪಗಳನ್ನು ಹಾಕಿದ್ದಾರೆ. ಜುಲೈ ಚಳಿಗಾಲದಲ್ಲಿ ಸಂಜೆ ಐದೂವರೆಗೇ ಕತ್ತಲಾಗುತ್ತಿತ್ತಲ್ಲ, ನಾನು ವರದಿ ಬರೆಯುತ್ತಾ ಕುಳಿತರೆ ದೀಪ ಆರಿಹೋಗುತ್ತಿತ್ತು. ಕೈಯೆತ್ತಿ ಗಾಳಿಯಲ್ಲಿ ಬೀಸಿದರೆ ಮತ್ತೆ ಬರುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಯಾರೂ ಇಲ್ಲದ ಮಹಡಿಯಲ್ಲಿ, ದೂರ ಹೋಗುವ ಹಡಗಿಗೆ ಕೈಬೀಸುವವಳಂತೆ ಬೀಸುತ್ತಿದ್ದೆ. ಒಂದು ಸಂಜೆ ಬೇಕೆಂದೇ ಅಲ್ಲಾಡದೆ ಕುಳಿತೆ. ಆರಿತು. ನಾನಿಲ್ಲ ಎಂದು ತೀರ್ಮಾನಿಸಲು ಅದಕ್ಕೆ ಹತ್ತೇ ನಿಮಿಷ ಸಾಕಾಯಿತು. ಆ ಕತ್ತಲಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು, ಬಸ್ ಹಿಡಿದು ಮನೆಗೆ ಬಂದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದೆ. ಆಮೇಲೆ ಮನೆಯ ಬೀಗ ತೆಗೆಯುವಾಗ ಹೊಳೆಯಿತು, ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ಊಟಕ್ಕೆ ಈಗ ಹನ್ನೆರಡೂ ನಲವತ್ತಕ್ಕೆ ಏಳುವುದಿಲ್ಲ. ನಾವಿಬ್ಬರೂ ಕೂರುತ್ತಿದ್ದ ಬಂದರಿನ ಬೆಂಚಿಗೆ ಒಮ್ಮೆ ಹೋದೆ. ಸೀಗಲ್ ಹಕ್ಕಿಯೊಂದು ನಿನ್ನ ಜಾಗದಲ್ಲಿ ಕುಳಿತು ನನ್ನ ಸ್ಯಾಂಡ್‌ವಿಚ್ಚನ್ನೇ ನೋಡುತ್ತಿತ್ತು. ಅರ್ಧ ಕೊಟ್ಟುಬಂದೆ.

ಆಗಸ್ಟ್‌ನಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು. ಪೆಟೋನಿಯ ಆ ದಂತವೈದ್ಯ ದಂಪತಿ, ಕ್ರಿಸ್ಮಸ್ಸಿಗೆ ನಿನಗೆ ಹಲ್ಲುಜ್ಜುವ ಬ್ರಷ್ಷಿನ ಪೊಟ್ಟಣ ಕಳಿಸುತ್ತಿದ್ದವರು, ಅವರ ಪರವಾಗಿ ನಾವು ಬಾಡಿಗೆ ಕರಾರು ನವೀಕರಿಸಬೇಕಿತ್ತು. ಇಂಥ ದಿನದೊಳಗೆ ಮಾಲೀಕರಿಗೆ ನೋಟಿಸು ಕೊಡಬೇಕು, ಕೊಡದಿದ್ದರೆ ಹಕ್ಕು ಹೋಯಿತು. ನಿನ್ನ ಕೆಲಸವೆಲ್ಲ ಈಗ ಮನಿಲಾದಲ್ಲಿ ಆಗುತ್ತದಲ್ಲ, ಅಲ್ಲಿನವರು ತಮಗೆ ಕಳಿಸಿದ ಪಟ್ಟಿಯನ್ನು ನೋಡಿ ಅಕ್ಟೋಬರ್ ಎಂದುಕೊಂಡಿದ್ದರು. ತಪ್ಪು ಅವರದಲ್ಲ. ಹನ್ನೆರಡು ವರ್ಷದ ಹಿಂದೆ ದಿನಾಂಕ ಬದಲಾಯಿಸಿದ ತಿದ್ದುಪಡಿ ಪತ್ರ ಪಟ್ಟಿಯಲ್ಲೇ ಇರಲಿಲ್ಲ, ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿತ್ತು. ಸಿಡ್ನಿಯಿಂದ ಬಂದಿರುವ ನಮ್ಮ ಮುಖ್ಯಸ್ಥ ಆಂಗಸ್, ಡಾರಿಲ್‌ನನ್ನೂ ಇನ್ನಿಬ್ಬರನ್ನೂ ಕೆಳಗೆ ಕಳಿಸಿದ. ಅವರು ಬರಿಗೈಯಲ್ಲಿ ಬಂದರು. ಮೂರನೇ ಕಪಾಟು ತುಕ್ಕು ಹಿಡಿದು ಕಚ್ಚಿಕೊಂಡಿದೆ, ಒಡೆಯಬೇಕು ಅಂದರು.

ನೋಯೆಲಿನ್, ನಿನ್ನ ಬೀಳ್ಕೊಡುಗೆಯ ದಿನ ನೀನು ಮಾಡಿದ ಭಾಷಣ ಎಷ್ಟು ಉದ್ದವಿತ್ತು? "ಒಂದೇ ಮಾತು. ಕೆಳಗಿನ ಮೂರನೇ ಕಪಾಟು ಎಳೆದ್ರೆ ಬರಲ್ಲ, ಎತ್ತಿ ಎಳೀಬೇಕು." ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡರು.

ಆಂಗಸ್ ನನ್ನ ಹತ್ತಿರ ಬಂದು, "ಮೆರಿನ್, ನೋಯೆಲಿನ್ ನಿಮ್ಮ ಗೆಳತಿ ಅಲ್ವಾ? ಒಂದು ಫೋನ್ ಮಾಡಿ ಕೇಳ್ಬಹುದಲ್ಲ. ಎರಡೇ ನಿಮಿಷದ ಮಾತು," ಅಂದ. ಅವಳ ನಂಬರ್ ನನ್ನ ಹತ್ತಿರ ಇಲ್ಲ ಅಂದೆ. ನಿನ್ನನ್ನು ಕಾಪಾಡಲು ಹೇಳಿದ ಸುಳ್ಳು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ನಿನಗೆ ಫೋನ್ ಮಾಡಿದರೆ ನೀನು ಕಪಾಟಿನ ವಿಷಯ ಹೇಳಿ ಮುಗಿಸಿ, ಆಮೇಲೆ ನಿನ್ನ ಪ್ರಶ್ನೆಯನ್ನೂ ಕೇಳಿಬಿಡುತ್ತೀಯೆಂಬ ಭಯವಿತ್ತು.

ನಾನೇ ಕೆಳಗೆ ಹೋದೆ. ಎತ್ತಿ ಎಳೆದೆ. ಬೆಣ್ಣೆಯ ಹಾಗೆ ಬಂತು. ಪತ್ರ ಅಲ್ಲಿಯೇ ಇತ್ತು, ಅದರ ಮೇಲೆ ನಿನ್ನ ಪೆನ್ಸಿಲ್ ಚೀಟಿ: "ಜುಲೈ ೩೧ರೊಳಗೆ. ಅವರಾಗಿ ನೆನಪಿಸುವುದಿಲ್ಲ, ನಾವೇ ನೆನಪಿಸಬೇಕು. ನೋ." ಹದಿಮೂರು ದಿನ ಮೀರಿತ್ತು. ಮಾಲೀಕರ ಜೊತೆ ಇನ್ನೂ ಮಾತು ನಡೆಯುತ್ತಿದೆ. ಆ ಡಾಕ್ಟರಮ್ಮ ನನಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದರು, "ಆ ಇನ್ನೊಬ್ಬರು ಇದ್ರಲ್ಲ, ಅವರೆಲ್ಲಿ?"

ಹೀಗೆ ಸುದ್ದಿ ಹೇಳುತ್ತಾ ನಾನು ಏಪ್ರಿಲ್ ತಿಂಗಳನ್ನು ಸುತ್ತು ಬಳಸಿ ದಾಟುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಅನ್ನಿಸಿದರೂ ಓದು. ಬರೆದರೆ ನನಗೇ ಕಣ್ಣಿಗೆ ಕಾಣುತ್ತದೆ.

ಹದಿನೆಂಟು ವರ್ಷದಿಂದ ನನ್ನ ಕೆಲಸ ಬೇರೆಯವರ ಆಫೀಸುಗಳಲ್ಲಿ ಮೇಜು ಎಣಿಸುವುದು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಂದು ಸುತ್ತು, ವಾರಕ್ಕೆ ನಲವತ್ತು. ಪ್ರತಿ ಮೇಜಿಗೂ ಮೂರರಲ್ಲಿ ಒಂದು ಗುರುತು. ಮನುಷ್ಯ ಕುಳಿತಿದ್ದರೆ "ಇದ್ದಾರೆ". ಮನುಷ್ಯ ಇಲ್ಲ, ಆದರೆ ಕುರ್ಚಿಯ ಮೇಲೆ ಕೋಟು, ಬಟ್ಟಲು, ತೆರೆದ ಪುಸ್ತಕ, ಕನ್ನಡಕ ಇಂಥದ್ದೇನಾದರೂ ಇದ್ದರೆ "ಸುಳಿವಿದೆ", ಅಂದರೆ ಎದ್ದುಹೋಗಿದ್ದಾರೆ, ಬರುತ್ತಾರೆ. ಏನೂ ಇಲ್ಲದಿದ್ದರೆ "ಖಾಲಿ". ಮೊದಲೆರಡೂ ಬಳಕೆಯ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಕಿವಿಗೆ ಬಿದ್ದದ್ದನ್ನಲ್ಲ. "ಈಗ ತಾನೆ ಕೆಳಗೆ ಹೋದ್ರು" ಎಂದು ಪಕ್ಕದವರು ಹೇಳಿದರೆ ನಕ್ಕು ಮುಂದೆ ಹೋಗಬೇಕು. ಈ ನಿಯಮಗಳನ್ನು ನಾನು ಎಷ್ಟೋ ಹೊಸಬರಿಗೆ ಕಲಿಸಿದ್ದೇನೆ. ಆ ಎಣಿಕೆಗಳಿಂದ ಎಷ್ಟು ಮಹಡಿಗಳು ಖಾಲಿಯಾದವೋ, ಆ ಮಹಡಿಗಳಲ್ಲಿದ್ದವರು ಎಲ್ಲಿ ಹೋದರೋ, ನಾನು ಕೇಳಿದವಳಲ್ಲ. ನಮ್ಮದು ಜಾಗದ ವಿಷಯ, ಜನರದ್ದಲ್ಲ ಎನ್ನುತ್ತಿದ್ದೆ.

ಏಪ್ರಿಲ್‌ನಲ್ಲಿ ನಮ್ಮದೇ ಆಫೀಸನ್ನು ಎಣಿಸು ಅಂದರು. ಅರ್ಧಕ್ಕಿಂತ ಹೆಚ್ಚು ಸುತ್ತುಗಳಲ್ಲಿ ಬಳಕೆ ಕಂಡ ಮೇಜು ಉಳಿಯುತ್ತದೆ, ಕಡಿಮೆಯಾದದ್ದು ಹೋಗುತ್ತದೆ. ಸೋಮವಾರ ಬೆಳಗ್ಗೆ ಮೊದಲ ಸುತ್ತಿಗೆ ಹೊರಟಾಗ ಆಂಗಸ್ ಲಿಫ್ಟಿನ ಹತ್ತಿರ ಸಿಕ್ಕಿ, ಕಾಫಿಯ ಮುಚ್ಚಳ ಒತ್ತುತ್ತಾ, "ನೋಯೆಲಿನ್ ನಿಮಗೆ ತುಂಬ ಹತ್ತಿರದವರು ಅಂತ ಕೇಳಿದೀನಿ. ಎಣಿಕೆಯಲ್ಲಿ ಗೆಳೆತನ ಬೆರೆಯಲ್ಲ ಅಂತ ನಂಬ್ಕೊಂಡಿದೀನಿ," ಎಂದು ನಕ್ಕ. ನಾನೂ ನಕ್ಕೆ. ಬಲೆಯ ಹಾಗೆ ಇರಲಿಲ್ಲ ಆ ಮಾತು. ಸೌಜನ್ಯದ ಹಾಗೇ ಇತ್ತು.

ಜನ ಅಷ್ಟರಲ್ಲೇ ಜಾಣರಾಗಿದ್ದರು. ಡಾರಿಲ್ ಹಳೆಯ ಬೂದು ಕೋಟೊಂದನ್ನು ಕುರ್ಚಿಗೆ ಹಾಕಿ, ಗಾಲ್ಫ್ ಆಡುವ ಗಿರಾಕಿಗಳ ಜೊತೆ ಮಿರಮಾರಿಗೆ ಹೋಗಿಬಿಡುತ್ತಿದ್ದ. "ಮೆರಿನ್, ನನ್ನ ಕೋಟಿಗೆ ಗುಡ್ ಮಾರ್ನಿಂಗ್ ಹೇಳು ಮಾರಾಯ್ತಿ, ಅವನು ನನಗಿಂತ ನಿಯತ್ತಿನ ಕೆಲಸಗಾರ," ಎನ್ನುತ್ತಿದ್ದ. ಆ ಕೋಟಿಗೆ ನಲವತ್ತರಲ್ಲಿ ಮೂವತ್ತನಾಲ್ಕು ಬಂತು.

ನೀನು ಮಾತ್ರ ಏನೂ ಬಿಡುವವಳಲ್ಲ. ಕರಾರು ಪತ್ರದ ಮೇಲೆ ಯಾರೋ ಕಾಫಿ ಚೆಲ್ಲಿದ ದಿನದಿಂದ, ಮೇಜಿನಿಂದ ಏಳುವಾಗ ಮೇಜು ಬೋಳಾಗಿರಬೇಕು ಎನ್ನುವುದು ನಿನ್ನ ಧರ್ಮ. ಬಟ್ಟಲು ಕೈಯಲ್ಲಿ, ಸ್ವೆಟರ್ ಮೈಮೇಲೆ, ಕುರ್ಚಿ ಒಳಗೆ ತಳ್ಳಿ, ಒಂದು ಸಲ ಅಂಗೈಯಿಂದ ಸವರಿ ಹೋಗುವವಳು. ಆ ವಾರವಿಡೀ ಹಳೆಯ ಕಡತಗಳನ್ನು ಮನಿಲಾಗೆ ಕಳಿಸಲೆಂದು ನಿನ್ನನ್ನು ದಾಖಲೆ ಕೋಣೆಯಲ್ಲೇ ಕೂರಿಸಿದ್ದರು. ನಿನ್ನ ಕೆಲಸವನ್ನು ಕಟ್ಟಿ ಕಳಿಸಲು ನೀನು ಕೆಳಗಿದ್ದೆ, ಆದ್ದರಿಂದ ಮೇಲೆ ನೀನಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ನೀನು ತಂದಿಟ್ಟ ಫೀಜೋವಾ ಹಣ್ಣಿನ ಚೀಲ, "ಬೇಕಾದವರು ತೆಗೆದುಕೊಳ್ಳಿ, ಸಿಪ್ಪೆ ಸಿಂಕಿಗೆ ಹಾಕಬೇಡಿ" ಎಂಬ ಚೀಟಿ ಇತ್ತು. ಹನ್ನೊಂದನೇ ಮಹಡಿಯೆಲ್ಲ ಅದರ ಘಮ. ಘಮಕ್ಕೆ ನಮ್ಮಲ್ಲಿ ಗುರುತಿಲ್ಲ.

ಆ ಬುಧವಾರ ಬೆಂಚಿನ ಮೇಲೆ ಕುಳಿತಿದ್ದೆವು. ನೀನು ಆಗ ತಾನೆ ಅಂಗಡಿಯಿಂದ ಹಸಿರು ಕನ್ನಡಕ ತಂದು, ಹಾಕಿ ತೋರಿಸಿ, ತಕ್ಷಣ ತೆಗೆದಿದ್ದೆ.

"ಇದನ್ನ ಹಾಕ್ಕೊಂಡು ಲಿಫ್ಟಲ್ಲಿ ಓಡಾಡಲ್ಲ ಕಣೆ ನಾನು. ಮೇಲಿನ ಮೇಜಿಗೆ ಮಾತ್ರ. ಕೆಳಗೆ ಹಳೇದೇ ಇದೆ."

"ಚೆನ್ನಾಗಿದೆ ನೋಯೆಲಿನ್."

"ನೀನು ಸುಳ್ಳು ಹೇಳೋವಾಗ ಬಲಗಿವಿ ಮುಟ್ಕೋತೀಯ." ಆಮೇಲೆ ಫೀಜೋವಾವನ್ನು ಚಮಚದಿಂದ ತೋಡುತ್ತಾ, ತಲೆ ಎತ್ತದೆಯೇ ನೀನು ಕೇಳಿದೆ, "ನನ್ನ ಮೇಜಿಗೆ ಏನು ಹಾಕ್ತಿದೀಯ ಮಗೂ?"

"ಅದು ಜಾಗದ ಲೆಕ್ಕ ನೋಯೆಲಿನ್. ಜನರದ್ದಲ್ಲ."

"ಸರಿ ಹಾಗಾದ್ರೆ," ಅಂದೆ ನೀನು. ಇನ್ನೊಂದು ಹಣ್ಣು ಕುಯ್ದು ಅರ್ಧ ನನಗೆ ಕೊಟ್ಟೆ. ನಾನು ಆಗ ಕಿವಿ ಮುಟ್ಟಿಕೊಂಡೆನೋ ಇಲ್ಲವೋ ನೆನಪಿಲ್ಲ. ನೀನು ನೋಡಿದ್ದರೆ ಹೇಳುತ್ತಿದ್ದೆ.

ಮೇ ತಿಂಗಳಲ್ಲಿ ಬದಲಾವಣೆಯ ಪ್ರಸ್ತಾಪ ಬಂತು. ಹದಿನೆಂಟು ಪುಟ, ಚೌಕಗಳು, ಚೌಕಗಳ ನಡುವೆ ಗೆರೆಗಳು. ನಿನ್ನ ಚೌಕ ಚುಕ್ಕೆ ಚುಕ್ಕೆ ಗೆರೆಯಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, "ಈ ಹುದ್ದೆಗೆ ಸ್ಥಳೀಯ ಉಪಸ್ಥಿತಿಯ ಅಗತ್ಯ ಕಡಿಮೆ ಎಂದು ಎಣಿಕೆಯಿಂದ ಕಂಡುಬರುತ್ತದೆ." ಎರಡು ವಾರದಲ್ಲಿ ಅಭಿಪ್ರಾಯ ಹೇಳಿ ಅಂದರು. ನೀನು ಕಾಗುಣಿತದ ತಪ್ಪುಗಳನ್ನು ಗುರುತು ಮಾಡಿ ವಾಪಸು ಕೊಟ್ಟೆ. ಬೇರೇನೂ ಬರೆಯಲಿಲ್ಲ. ನಾನು ಏನೂ ಬರೆಯಲಿಲ್ಲ.

ಜೂನ್ ಇಪ್ಪತ್ತೇಳರ ಬೆಳಗಿನ ಚಹಾ ನನ್ನ ಕಣ್ಣಿಂದ ಹೋಗುವುದಿಲ್ಲ. ಎಲ್ಲರೂ ಒಂದೊಂದು ತಿಂಡಿ ತನ್ನಿ ಅಂದರೆ, ನಿನ್ನ ಬೀಳ್ಕೊಡುಗೆಗೆ ನೀನೇ ಚೀಸ್ ಸ್ಕೋನ್ ಬೇಯಿಸಿಕೊಂಡು ಬಂದಿದ್ದೆ. ಡಾರಿಲ್ ನಾಲ್ಕು ತಿಂದ. ಸೆಫೀನಾ ತೆಂಗಿನ ಹಾಲಿನ ಬನ್ನು ತಂದಿದ್ದಳು. ಸಿಡ್ನಿಗೆ ಹೋಗಿದ್ದ ಆಂಗಸ್ ಅಲ್ಲಿಂದಲೇ ಪರದೆಯ ಮೇಲೆ ಬಂದು, "ನೋಯೆಲಿನ್ ಅಂದ್ರೆ ಈ ಸಂಸ್ಥೆಯ ನೆನಪು" ಎಂದು ಹೇಳುತ್ತಿದ್ದಂತೆ, ತಂತಿ ಕಡಿದು, ಬಾಯಿ ತೆರೆದುಕೊಂಡೇ ಕಲ್ಲಾದ. "ದೇವರು ದೊಡ್ಡವನು," ಎಂದು ಸೆಫೀನಾ ಗಟ್ಟಿಯಾಗಿಯೇ ಅಂದಳು. ಅವಳೇ ಹಾಡು ಎತ್ತಿದಳು, ಅರ್ಧ ಜನಕ್ಕೆ ಎರಡನೇ ಚರಣ ಬರಲಿಲ್ಲ, ಅವಳು ಇಡೀ ಹಾಡನ್ನು ಒಬ್ಬಳೇ ಹೊತ್ತು ದಡ ಸೇರಿಸಿದಳು. ಮುಗಿದ ಮೇಲೆ ನೀನು ಬಟ್ಟಲುಗಳನ್ನು ತೊಳೆದೆ. ಬಿಡು ಅಂದರೂ ಬಿಡಲಿಲ್ಲ. ಆಮೇಲೆ ಮೇಜನ್ನು ಅಂಗೈಯಿಂದ ಸವರಿ, ಕುರ್ಚಿ ಒಳಗೆ ತಳ್ಳಿದೆ. ಲಿಫ್ಟಿನವರೆಗೆ ನಾನು ಬಂದೆ. ಬಾಗಿಲು ಮುಚ್ಚುವಾಗ ನೀನು ನನ್ನ ಕೆನ್ನೆ ಮುಟ್ಟಿ, "ಊಟ ಬಿಡಬೇಡ," ಅಂದೆ.

ನನ್ನ ಸುದ್ದಿ ಒಂದಿದೆ. ಇದುವರೆಗೆ ಹೇಳಿರಲಿಲ್ಲ. ಈಗ ನನ್ನ ಸರದಿ. ಮೇಜಿನ ಅಡಿಗೆ ಅಂಟಿಸುವ, ಕಾಲಿನ ಬಿಸಿಯನ್ನು ಗುರುತಿಸುವ ಬಿಲ್ಲೆಗಳು ಬಂದಿವೆ. ಇನ್ನು ನಡೆದು ಎಣಿಸುವವರು ಬೇಕಿಲ್ಲ. ಈ ಕೆಲಸ ಮಾಡುವ ನಾವು ದೇಶದಲ್ಲಿ ಆರು ಜನ, ಮುಂದೆ ಇರುವುದು ಒಂದೇ ಹುದ್ದೆ, ಆ ಬಿಲ್ಲೆಗಳು ಹೇಳಿದ್ದನ್ನು ವರದಿ ಮಾಡಲು. ನಾನೂ ಅರ್ಜಿ ಹಾಕಿದ್ದೇನೆ. ನಿರ್ಧಾರ ಬರುವ ಶುಕ್ರವಾರ, ಹತ್ತೊಂಬತ್ತಕ್ಕೆ. "ಎಲ್ಲರಿಗಿಂತ ನಿಮ್ಮ ಎಣಿಕೆಯ ಮೇಲೆ ನನಗೆ ಭರವಸೆ," ಎಂದು ಆಂಗಸ್ ಮೊನ್ನೆ ಹೇಳಿದ. ಅದು ಸಿಗುತ್ತದೆಂದೇ ಅವನ ದನಿಯಲ್ಲಿತ್ತು. ನಲವತ್ತೇಳರ ವಯಸ್ಸಿನಲ್ಲಿ ಬೇರೇನು ಮಾಡುತ್ತೇನೆಂದು ಯೋಚಿಸಿದರೆ, ಈ ಮನೆಯ ಗೋಡೆಗಳು ಸ್ವಲ್ಪ ಹತ್ತಿರ ಬಂದ ಹಾಗೆ ಆಗುತ್ತದೆ.

ನಿನ್ನ ಪ್ರಶ್ನೆಗೆ ಉತ್ತರವಾಗಿ ಸಂಸ್ಥೆ ಏನು ಹೇಳುತ್ತದೆಂದು ನನಗೆ ಗೊತ್ತು. ಎಣಿಕೆ ನಿಯಮದ ಪ್ರಕಾರ ನಡೆಯಿತು, ಹದಿನೆಂಟು ವರ್ಷದ ಅನುಭವಿ ನಡೆಸಿದಳು. ನಾನೂ ಏಳು ವಾರ ಅದನ್ನೇ ನಿನಗೆ ಬರೆಯಲು ನೋಡಿದೆ. ವಾಕ್ಯ ಚೆನ್ನಾಗಿಯೇ ಬರುತ್ತಿತ್ತು. ಪ್ರತಿ ಸಲವೂ ಬಲಗಿವಿಗೆ ಕೈ ಹೋಗುತ್ತಿತ್ತು.

ವಾಲ್ಮೈಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಹೊಸ ಹಿತ್ತಿಲಿನಲ್ಲಿ ಫೀಜೋವಾ ಸಸಿ ಹಿಡಿಯಲಿ. ಅಲ್ಲಿ ಹಿಮ ಬೀಳುತ್ತದೆ, ಬಡಗಣ ಗೋಡೆಯ ಬಿಸಿಲಿಗೆ ಆನಿಸಿ ನೆಡು. ನಿದ್ದೆ ಚೆನ್ನಾಗಿ ಬರಲಿ, ಮಂಡಿ ನೋವು ಕಡಿಮೆಯಾಗಲಿ. ನಿನಗೆ ಮಾತನಾಡಲು ಜನ ಇರಲಿ. ಹನ್ನೆರಡೂ ನಲವತ್ತಕ್ಕೆ ಯಾರಾದರೂ ನಿನ್ನ ಜೊತೆ ಊಟಕ್ಕೆ ಕೂರಲಿ.

ಎಂದಿನ ಪ್ರೀತಿಯಿಂದ,
ನಿನ್ನ ಮೆರಿನ್

ಮರೆತದ್ದು ಎಂದು ಬರೆಯುವುದು ರೂಢಿ. ಇದು ಮರೆತದ್ದಲ್ಲ.

ಕನ್ನಡಕದ ಜೊತೆ ಪೊಟ್ಟಣದಲ್ಲಿ ಐದು ಹಾಳೆಗಳಿವೆ. ಮೊದಲು ಪೆನ್ಸಿಲ್, ಆಮೇಲೆ ಯಂತ್ರ ಎಂದು ನೀನೇ ಕಲಿಸಿದ್ದೆ. ಟ್ಯಾಬಿಗೆ ಹಾಕುವ ಮೊದಲು ನಾನು ಪ್ರತಿ ಸುತ್ತನ್ನೂ ಕಾಗದದಲ್ಲಿ ಗುರುತಿಸುತ್ತೇನೆಂದು ಆಂಗಸ್‌ಗೆ ಗೊತ್ತಿಲ್ಲ. ನಿನ್ನ ಇಪ್ಪತ್ತೇಳನೇ ಮೇಜಿನ ಸಾಲು ನೋಡು. ಬುಧವಾರ ಮಧ್ಯಾಹ್ನ ಒಂದು ಗಂಟೆಯಿಂದ ಶುಕ್ರವಾರ ನಾಲ್ಕರವರೆಗೆ, "ಖಾಲಿ" ಎಂಬ ಗುರುತಿನ ಪಕ್ಕದಲ್ಲಿ ಎರಡು ಪುಟ್ಟ ಸೊನ್ನೆ, ನಡುವೆ ಒಂದು ಗೆರೆ. ಅದು ನಿನ್ನ ಕನ್ನಡಕ. ಲಿಫ್ಟಿನಲ್ಲಿ ಹಾಕಿಕೊಳ್ಳಲು ನಾಚಿ, ಮೇಜಿನ ಎಡಮೂಲೆಯಲ್ಲಿ ಅಂಚಿಗೆ ಸರಿಯಾಗಿ ಮಡಿಸಿಟ್ಟು ಹೋಗುತ್ತಿದ್ದೆಯಲ್ಲ. ಜೀವಮಾನದಲ್ಲಿ ಮೊದಲ ಸಲ ನೀನು ಮೇಜಿನ ಮೇಲೆ ಏನನ್ನೋ ಬಿಟ್ಟುಹೋದದ್ದು. ಕನ್ನಡಕವಿದ್ದರೆ "ಸುಳಿವಿದೆ" ಎಂದು ಹಾಕಬೇಕು. ಆ ನಿಯಮ ಬರೆದವಳೇ ನಾನು.

ಡಾರಿಲ್‌ನ ಕೋಟಿಗೆ ಹಾಕಿದೆ. ಕುರ್ಚಿಯ ಮೇಲಿನ ನನ್ನದೇ ಸ್ವೆಟರಿಗೆ ಹಾಕಿದೆ. ನಿನ್ನ ಮೇಜಿನ ಮುಂದೆ ನಿಂತಾಗಲೆಲ್ಲ ಲಿಫ್ಟಿನ ಹತ್ತಿರದ ಆ ನಗು ಕೇಳಿಸುತ್ತಿತ್ತು. ಗೆಳತಿ ಎಂದು ದಯೆ ತೋರಿದಳು ಎನ್ನುತ್ತಾರಲ್ಲ ಎಂದು ಹೆದರಿ, ಸತ್ಯವನ್ನೂ ತೋರಿಸಲಿಲ್ಲ. ನಾನು ಪಕ್ಷಪಾತಿಯಲ್ಲ ಎಂಬುದಕ್ಕೆ ನಿನ್ನನ್ನು ಪುರಾವೆಯಾಗಿ ಕೊಟ್ಟೆ. ಆ ಇಪ್ಪತ್ತು ಸುತ್ತಿನಲ್ಲಿ ಮೂರು ಸಲ ನೀನೇ ಕುಳಿತಿದ್ದೆ, ಉಳಿದ ಹದಿನೇಳೂ ಅಂಥ ಸುತ್ತುಗಳು. ನಾಲ್ಕಕ್ಕೆ ಹದಿನೇಳು ಕೂಡಿಸಿದರೆ ಇಪ್ಪತ್ತೊಂದು. ನಲವತ್ತರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು.

ಐದೂ ಹಾಳೆಗಳಿಗೆ ಸಹಿ ಹಾಕಿದ್ದೇನೆ. ಏನು ನಡೆಯಿತೆಂದು ಒಂದು ಪುಟ ಬೇರೆ ಬರೆದಿಟ್ಟಿದ್ದೇನೆ, ವಕೀಲರಿಗೆ ಕೊಡು. ನಾಳೆ ಬೆಳಗ್ಗೆ ಕೊರಿಯರ್‌ಗೆ ಹಾಕುತ್ತೇನೆ, ಗುರುವಾರದೊಳಗೆ ನಿನ್ನ ಕೈಸೇರುತ್ತದೆ. ಆ ಹಾಳೆಗಳ, ಆ ಪುಟದ ಇನ್ನೊಂದು ಪ್ರತಿಯನ್ನು ನಾಳೆಯೇ ಆಂಗಸ್‌ನ ಕೈಗೆ ಕೊಡುತ್ತೇನೆ. ಶುಕ್ರವಾರದವರೆಗೆ ಕಾದರೆ ನಾನು ಮತ್ತೆ ಚಹಾ ಮಾಡಿಕೊಳ್ಳಲು ಎದ್ದುಹೋಗುತ್ತೇನೆ.

ನನಗೆ ಉತ್ತರ ಬರೆಯಲೇಬೇಕೆಂದಿಲ್ಲ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಇದು.

ನೀನು ಅಲ್ಲಿದ್ದೆ, ನೋಯೆಲಿನ್. ನಾನು ನೋಡಿದ್ದೆ.